ಕೊಂಡಿ ಒತ್ತಿದರೆ ಮುಖಪುಟ: ಒಂದು ಕನ್ನಡ ಮಾಸಿಕದ ಜಾಲತಾಣದಲ್ಲಿ 404 ಪುಟವನ್ನು ಸರಿಪಡಿಸಿದ ಪ್ರಕರಣ

ಸಾಹಿತ್ಯ, ಜನಪದ, ಊರುಗಳ ಇತಿಹಾಸ ಪ್ರಕಟಿಸುವ ಒಂದು ಸಣ್ಣ ಕನ್ನಡ ಮಾಸಿಕದ ಜಾಲತಾಣದ ಪ್ರಕರಣ ಇದು. ಪತ್ರಿಕೆಯ ಹೆಸರು ಇಲ್ಲಿ ಬೇಡ. ಕನ್ನಡದಲ್ಲಿ ಇಂಥ ತಾಣಗಳು ಹಲವು ಇವೆ, ಅವುಗಳ ಪಾಡೂ ಹೆಚ್ಚುಕಡಿಮೆ ಇದೇ. ಬ್ಲಾಗ್‌ಗಳ ಭರಾಟೆಯ ಕಾಲದಲ್ಲಿ ಗೂಗಲ್‌ನ ಉಚಿತ ಬ್ಲಾಗ್ ಸೇವೆಯಾದ ಬ್ಲಾಗರ್‌ನಲ್ಲಿ ಶುರುವಾದದ್ದು. ಅಲ್ಲಿದ್ದಾಗಲೇ ಸ್ವಂತ ಡೊಮೇನ್ ತೆಗೆದುಕೊಂಡರು. ಆಮೇಲೆ ತಾಣ ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್‌ಗೆ ಬಂದರು. ಕೊನೆಗೆ ಹೋಸ್ಟಿಂಗ್ ಬದಲಿಸುವಾಗ ಲೇಖನಗಳನ್ನೆಲ್ಲ ಎಕ್ಸ್‌ಪೋರ್ಟ್ ಮಾಡಿ ಹೊಸ ವರ್ಡ್‌ಪ್ರೆಸ್‌ಗೆ ಇಂಪೋರ್ಟ್ ಮಾಡಿಕೊಂಡರು. ಡೊಮೇನ್ ಅದೇ ಉಳಿಯಿತು, ಅದರ ಕೆಳಗಿನ ವಿಳಾಸಗಳು ಎರಡು ಸಲ ಬದಲಾದವು.

ಸಂಪಾದಕರು ನಿವೃತ್ತ ಕನ್ನಡ ಮೇಷ್ಟ್ರು. ಅವರು ಫೋನ್‌ನಲ್ಲಿ ಹೇಳಿದ ದೂರು ಸರಳವಾಗಿತ್ತು: “ನೋಡಪ್ಪಾ, ಯಾರ್ಯಾರೋ ಹಳೇ ಲೇಖನದ ಲಿಂಕ್ ಒತ್ತಿದ್ರೆ ನಮ್ಮ ಮೊದಲನೇ ಪುಟ ಬರತ್ತಂತೆ. ಲೇಖನಗಳು ಅಲ್ಲೇ ಇವೆ, ನಾನೇ ನೋಡಿದೀನಿ. ಮತ್ತೆ ಯಾಕೆ ಹೀಗೆ?” ಕನ್ನಡ ವಿಕಿಪೀಡಿಯದ ಲೇಖನವೊಂದರ ಉಲ್ಲೇಖದಲ್ಲಿದ್ದ ಕೊಂಡಿಯನ್ನೂ ಕಳಿಸಿದರು. ಒತ್ತಿದೆ. ಮುಖಪುಟವೇ ಬಂತು.

ಮೇಷ್ಟ್ರು ಹೇಳಿದ್ದು ನಿಜ, ಲೇಖನ ತಾಣದಲ್ಲೇ ಇತ್ತು. ಅದರ ಹಳೆಯ ವಿಳಾಸ ಮಾತ್ರ ಸತ್ತಿತ್ತು. ಹಾಗಾದಾಗ ‘ಪುಟ ಸಿಗಲಿಲ್ಲ’ ಎಂಬ 404 ಪುಟ ಬರಬೇಕಿತ್ತು. ಬರಲಿಲ್ಲ, ಏಕೆಂದರೆ ಸಿಗದ ವಿಳಾಸಗಳನ್ನೆಲ್ಲ ಮುಖಪುಟಕ್ಕೆ ಕಳಿಸುವ ಪ್ಲಗಿನ್ (ವರ್ಡ್‌ಪ್ರೆಸ್‌ಗೆ ಜೋಡಿಸುವ ಪುಟ್ಟ ತಂತ್ರಾಂಶ) ಒಂದನ್ನು ಹಿಂದೆ ಯಾರೋ ಹಾಕಿದ್ದರು. ಇಂಥ ಪ್ಲಗಿನ್‌ಗಳು ಬಹಳ ಜನಪ್ರಿಯ. ಹಾಕಿದ ಕ್ಷಣದಿಂದ 404 ವರದಿ ಖಾಲಿಯಾಗುತ್ತದೆ, ತಾಣ ಗುಣವಾದಂತೆ ಕಾಣುತ್ತದೆ. ಓದುಗರಿಗೆ ಆಗುವುದು ಬೇರೆ. ಮನೆಯ ವಿಳಾಸ ಹಿಡಿದು ಬಂದವರನ್ನು ಊರಿನ ಬಸ್ ನಿಲ್ದಾಣದಲ್ಲಿ ಇಳಿಸಿ ಹೋದ ಹಾಗೆ. ಲೇಖನ ಅಳಿಸಿದ್ದಾರೋ, ಜಾಗ ಬದಲಿಸಿದ್ದಾರೋ, ತಾನೇ ತಪ್ಪು ಒತ್ತಿದೆನೋ ಒಂದೂ ಅವರಿಗೆ ಗೊತ್ತಾಗುವುದಿಲ್ಲ.

ಯಂತ್ರಗಳಿಗೂ ಅದು ಸುಳ್ಳು ಹೇಳುತ್ತದೆ. ಸರ್ವರ್ ಕೊಡುವ ಪ್ರತಿ ಉತ್ತರದ ತಲೆಯಲ್ಲಿ ಒಂದು ಸಂಖ್ಯೆ ಇರುತ್ತದೆ. 200 ಎಂದರೆ ಇದೆ, 301 ಎಂದರೆ ಕಾಯಂ ಆಗಿ ಬೇರೆಡೆಗೆ ಹೋಗಿದೆ, 404 ಎಂದರೆ ಸಿಗಲಿಲ್ಲ, 410 ಎಂದರೆ ತೆಗೆದುಹಾಕಲಾಗಿದೆ. ಸಾವಿರ ಬೇರೆಬೇರೆ ವಿಳಾಸಗಳು ಒಂದೇ ಮುಖಪುಟಕ್ಕೆ ಬಂದು ಬಿದ್ದರೆ ಗೂಗಲ್ ಅದನ್ನು ನಂಬುವುದಿಲ್ಲ, ತಾಣದ ಒಡೆಯರಿಗೆ ಕೊಡುವ ಸರ್ಚ್ ಕನ್ಸೋಲ್ ವರದಿಯಲ್ಲಿ ‘ಸಾಫ್ಟ್ 404’ ಎಂದು ಹಾಕುತ್ತದೆ. ಅಂದರೆ ಹುಡುಕಾಟದಲ್ಲಿ ಸಿಗುವ ಲಾಭವೂ ಇಲ್ಲ. ಅದಕ್ಕಿಂತ ನನಗೆ ಬೇಸರ ತಂದದ್ದು ಇನ್ನೊಂದು: ಸತ್ತ ಕೊಂಡಿಗಳನ್ನು ಪತ್ತೆಹಚ್ಚಿ ಸಂಗ್ರಹಿತ ಪ್ರತಿಗೆ ಜೋಡಿಸುವ ಬಾಟ್‌ಗಳು (ತಾವಾಗಿ ಓಡಾಡುವ ತಂತ್ರಾಂಶಗಳು) ಮುಖ್ಯವಾಗಿ ಈ ಸಂಖ್ಯೆಯನ್ನು ನೋಡುತ್ತವೆ. ಕೊನೆಗೆ 200 ಸಿಕ್ಕರೆ ಕೊಂಡಿ ಬದುಕಿದೆ ಎಂದುಕೊಂಡು ಅವುಗಳಲ್ಲಿ ಕೆಲವು ಮುಂದೆ ಹೋಗಬಹುದು. ತಪ್ಪನ್ನು ಮುಚ್ಚಿದ್ದರಿಂದ, ಸರಿಪಡಿಸಬಹುದಾಗಿದ್ದ ಬೇರೆಯವರಿಗೂ ಅದು ಕಾಣದೆ ಹೋಯಿತು.

ಹಾಗಾಗಿ ಮೊದಲ ಕೆಲಸ ಆ ಪ್ಲಗಿನ್ ತೆಗೆಯುವುದು. ಮೇಷ್ಟ್ರಿಗೆ ಮುಂಚೆಯೇ ಹೇಳಿದೆ: “ಸರ್, ಇನ್ನು ಸ್ವಲ್ಪ ದಿನ ವರದಿಯಲ್ಲಿ ಕೆಂಪು ಬಣ್ಣ ಜಾಸ್ತಿ ಕಾಣುತ್ತೆ. ಹೊಸದಾಗಿ ಏನೂ ಕೆಟ್ಟಿರಲ್ಲ, ಇದ್ದದ್ದು ಕಾಣ್ತಿರುತ್ತೆ ಅಷ್ಟೆ.” ಈ ಮಾತನ್ನು ಮುಂಚೆಯೇ ಆಡಿಕೊಳ್ಳುವುದು ಮುಖ್ಯ. ಇಲ್ಲವಾದರೆ ವರದಿ ಕಂಡು ಗಾಬರಿಯಾದವರು ಪ್ಲಗಿನ್ ವಾಪಸ್ ಹಾಕಿಸುತ್ತಾರೆ.

ಪ್ಲಗಿನ್ ತೆಗೆದರೂ ಒಂದು ಕಡೆ ಸುಳ್ಳು ಉಳಿದಿತ್ತು. ಚಿತ್ರಗಳ ಫೋಲ್ಡರ್ ವರ್ಡ್‌ಪ್ರೆಸ್‌ನ ಕೈಗೆ ಬಾರದಂತೆ ಸರ್ವರ್ ತಂತ್ರಾಂಶವಾದ ಅಪಾಚೆಯಲ್ಲಿ ಪ್ರತ್ಯೇಕ ನಿಯಮ ಇತ್ತು. ಅಲ್ಲಿ ಸಿಗದ ಚಿತ್ರ ಕೇಳಿದರೆ 302, ಅಂದರೆ ತಾತ್ಕಾಲಿಕವಾಗಿ ಬೇರೆಡೆ ಇದೆ ಎಂದು ಬರುತ್ತಿತ್ತು. ಕಾರಣ, ಎರರ್‌ಡಾಕ್ಯುಮೆಂಟ್ ಸಾಲಿನಲ್ಲಿ ದೋಷಪುಟದ ವಿಳಾಸವನ್ನು ಎಚ್‌ಟಿಟಿಪಿಎಸ್‌ನಿಂದ ಶುರುಮಾಡಿ ಪೂರ್ತಿಯಾಗಿ ಬರೆದಿದ್ದರು. ಹಾಗೆ ಬರೆದರೆ ಅಪಾಚೆ ಆ ವಿಳಾಸಕ್ಕೆ ರಿಡೈರೆಕ್ಟ್ ಮಾಡುತ್ತದೆ (ದಾಟಿಸುತ್ತದೆ), ಮೂಲ 404 ಕಳೆದೇ ಹೋಗುತ್ತದೆ. ಅಡ್ಡಗೀಟಿನಿಂದ ಶುರುವಾಗುವ ಸ್ಥಳೀಯ ದಾರಿ ಕೊಟ್ಟರೆ ಸಂಖ್ಯೆ ಉಳಿಯುತ್ತದೆ. ಎಂಜಿನ್‌ಎಕ್ಸ್ ಎಂಬ ಇನ್ನೊಂದು ಸರ್ವರ್ ತಂತ್ರಾಂಶ ಬಳಸುವವರು ಎರರ್_ಪೇಜ್ ಸಾಲಿನಲ್ಲಿ 404ರ ಪಕ್ಕ ‘ಸಮ 200’ ಎಂದು ಬರೆದಿದೆಯೇ ನೋಡಿಕೊಳ್ಳಬೇಕು, ಪರಿಣಾಮ ಅದೇ. ಇವೆಲ್ಲ ಬ್ರೌಸರ್‌ನಲ್ಲಿ ಕಣ್ಣಿಗೆ ಕಾಣುವುದಿಲ್ಲ. ಕರ್ಲ್ ಆದೇಶದಿಂದ ಹೆಡರ್ ಮಾತ್ರ ತರಿಸಿ ನೋಡಿದರೆ ಕ್ಷಣದಲ್ಲಿ ಗೊತ್ತಾಗುತ್ತದೆ.

ಈಗ ಸರ್ವರ್ ಬರೆದಿಡುವ ದಾಖಲೆ, ಅಂದರೆ ಲಾಗ್, ನಿಜ ಹೇಳತೊಡಗಿತು. ಓದಿ ವಿಂಗಡಿಸಿದಾಗ ದೊಡ್ಡ ಪಾಲು ನಮ್ಮದೇ ಅಲ್ಲ: ಸಂರಚನಾ ಕಡತ, ಬ್ಯಾಕಪ್ ಜಿಪ್, ನಮ್ಮಲ್ಲಿ ಇಲ್ಲದ ಪ್ಲಗಿನ್‌ಗಳ ಕಡತಗಳನ್ನು ಹುಡುಕುತ್ತಾ ಬಾಗಿಲು ತಟ್ಟುವ ಬಾಟ್‌ಗಳು. ಅವುಗಳಿಗೆ 404 ಸರಿಯಾದ ಉತ್ತರ, ಬೇರೇನೂ ಮಾಡಬೇಕಿಲ್ಲ. ಉಳಿದವು ಓದುಗರು ನಿಜವಾಗಿ ಕೇಳಿದ ವಿಳಾಸಗಳು. ಪ್ರಕರಣದ ತಿರುಳು ಅವುಗಳಲ್ಲೇ ಇದೆ.

ಮೊದಲು ಬ್ಲಾಗರ್ ಕಾಲದವು. ಕನ್ನಡದಲ್ಲಿ ಬ್ಲಾಗ್ ಬರೆದವರಿಗೆಲ್ಲ ಇದು ಗೊತ್ತು: ಶೀರ್ಷಿಕೆಯಲ್ಲಿ ಇಂಗ್ಲಿಷ್ ಅಕ್ಷರ ಇಲ್ಲದಿದ್ದರೆ ಬ್ಲಾಗರ್ ವರ್ಷ, ತಿಂಗಳ ಮುಂದೆ ‘ಬ್ಲಾಗ್-ಪೋಸ್ಟ್’ ಎಂದಷ್ಟೇ ಬರೆದು, ಮುಂದಿನದಕ್ಕೆ ಒಂದು ಅಂಕಿ ಸೇರಿಸುತ್ತಿತ್ತು. ಆ ವಿಳಾಸ ನೋಡಿ ಯಾವ ಲೇಖನವೆಂದು ಊಹಿಸುವಂತಿಲ್ಲ. ಆದರೆ ವರ್ಡ್‌ಪ್ರೆಸ್‌ನ ಬ್ಲಾಗರ್ ಇಂಪೋರ್ಟರ್ ಒಂದು ಒಳ್ಳೆಯ ಕೆಲಸ ಮಾಡಿರುತ್ತದೆ. ಪ್ರತಿ ಲೇಖನದ ಹಳೆಯ ದಾರಿಯನ್ನು ‘ಬ್ಲಾಗರ್_ಪರ್ಮಾಲಿಂಕ್’ ಎಂಬ ಹೆಸರಿನಲ್ಲಿ ಅದರ ಮೆಟಾ ಮಾಹಿತಿಯಾಗಿ ಇಟ್ಟಿರುತ್ತದೆ. ಎರಡನೇ ವಲಸೆಯಲ್ಲೂ ಆ ಮೆಟಾ ಲೇಖನದ ಜೊತೆಗೇ ಬಂದಿತ್ತು. ಡೇಟಾಬೇಸ್‌ನಿಂದ ಅದನ್ನು ತೆಗೆದು, ಹಳೆಯದು ಒಂದು ಕಡೆ, ಇಂದಿನ ವಿಳಾಸ ಇನ್ನೊಂದು ಕಡೆ ಇರುವ ಪಟ್ಟಿ ಮಾಡಿದೆವು. ರಿಡೈರೆಕ್ಷನ್ ಎಂಬ ಪ್ಲಗಿನ್ ಇಂಥ ಪಟ್ಟಿಯನ್ನು ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಪಟ್ಟಿ) ಕಡತವಾಗಿ ನುಂಗಿಕೊಳ್ಳುತ್ತದೆ. ಮೊದಲು 302 ಇಟ್ಟು ಪರೀಕ್ಷಿಸಿ, ಸರಿ ಎಂದು ಖಾತ್ರಿಯಾದ ಮೇಲೆ 301 ಮಾಡಿದೆವು. 301 ಅನ್ನು ಬ್ರೌಸರ್‌ಗಳು ನೆನಪಿಟ್ಟುಕೊಳ್ಳುತ್ತವೆ. ತಪ್ಪು ಗುರಿ ಕೊಟ್ಟರೆ ಅದನ್ನು ಹಿಂದಕ್ಕೆ ಪಡೆಯುವುದು ಕಷ್ಟ.

ಬ್ಲಾಗರ್‌ನ ಇನ್ನೊಂದು ಬಾಲ ನನಗೆ ನಿಜಕ್ಕೂ ಕುತೂಹಲ ಹುಟ್ಟಿಸಿತು. ಮೊಬೈಲ್‌ನಲ್ಲಿ ಬ್ಲಾಗರ್ ವಿಳಾಸದ ಕೊನೆಗೆ ಪ್ರಶ್ನೆಚಿಹ್ನೆ ಹಾಕಿ ‘ಎಂ ಸಮ 1’ ಎಂದು ಸೇರಿಸುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಹಂಚಿದ ಹಳೆಯ ಕೊಂಡಿಗಳಲ್ಲಿ ಬಹುಪಾಲು ಹೀಗೇ ಇರುತ್ತವೆ. ದುರದೃಷ್ಟಕ್ಕೆ ವರ್ಡ್‌ಪ್ರೆಸ್‌ನಲ್ಲಿ ‘ಎಂ’ ಎಂಬುದಕ್ಕೆ ಬೇರೆ ಅರ್ಥ ಇದೆ: ಅದು ವರ್ಷ, ತಿಂಗಳು ಸೂಚಿಸುವ ಅಂಕಿ. ‘ಎಂ ಸಮ 1’ ಕಂಡರೆ ವರ್ಡ್‌ಪ್ರೆಸ್ 1ನೇ ಇಸವಿಯಲ್ಲಿ ಪ್ರಕಟವಾದ ಲೇಖನ ಹುಡುಕುತ್ತದೆ! ವಿಳಾಸ ಅಕ್ಷರಶಃ ಸರಿ ಇದ್ದರೂ 404. ಪ್ಲಗಿನ್‌ವರೆಗೂ ಹೋಗಲು ಬಿಡದೆ ಸರ್ವರ್ ಮಟ್ಟದಲ್ಲೇ ಆ ಬಾಲ ಕತ್ತರಿಸಿ ಉಳಿದ ವಿಳಾಸಕ್ಕೆ ಕಳಿಸುವ ಒಂದು ನಿಯಮ ಹಾಕಿದೆವು. ವಾಟ್ಸ್‌ಆ್ಯಪ್‌ನಿಂದ ಬರುವ ದೂರುಗಳು ತಟ್ಟನೆ ಇಳಿದದ್ದು ಈ ಒಂದು ಸಾಲಿನಿಂದ.

ಇನ್ನು ಕನ್ನಡ ಲಿಪಿಯ ವಿಳಾಸಗಳು. ಇವನ್ನು ಅರ್ಥಮಾಡಿಕೊಳ್ಳಲು ಸ್ವಲ್ಪ ಲೆಕ್ಕ ಬೇಕು. ಕನ್ನಡದ ಪ್ರತಿ ಯುನಿಕೋಡ್ ಅಕ್ಷರ ಯುಟಿಎಫ್-8 ಎಂಬ ಸಂಕೇತ ಪದ್ಧತಿಯಲ್ಲಿ 3 ಬೈಟ್. ವಿಳಾಸದಲ್ಲಿ ಪ್ರತಿ ಬೈಟನ್ನೂ ಶೇಕಡಾ ಚಿಹ್ನೆ ಮತ್ತು ಎರಡು ಅಂಕಿ-ಅಕ್ಷರಗಳಾಗಿ ಬರೆಯಬೇಕು. ಹಾಗಾಗಿ ಒಂದು ಕನ್ನಡ ಅಕ್ಷರಕ್ಕೆ 9 ಸ್ಥಾನ. ಗುಣಿತದ ಚಿಹ್ನೆ, ಹಲಂತ ಎಲ್ಲಕ್ಕೂ ಪ್ರತ್ಯೇಕ ಲೆಕ್ಕ. ‘ಕನ್ನಡ’ ಎಂಬ ಪದಕ್ಕೇ 45 ಸ್ಥಾನ. ವಿಳಾಸದಲ್ಲಿ ಲೇಖನದ ಹೆಸರು ಇರುವ ಭಾಗಕ್ಕೆ, ಅಂದರೆ ಸ್ಲಗ್‌ಗೆ, ವರ್ಡ್‌ಪ್ರೆಸ್ ಕೊಡುವುದು 200 ಸ್ಥಾನ. ಭಾಗಿಸಿ ನೋಡಿ: 22 ಅಕ್ಷರ-ಚಿಹ್ನೆಗಳು, ಅಷ್ಟೇ. ಇಂಗ್ಲಿಷಿನಲ್ಲಿ ಬರೆಯುವವರು ಈ ಗೋಡೆಗೆ ಎಂದೂ ತಲೆ ತಾಕಿಸಿಕೊಂಡಿರುವುದಿಲ್ಲ. ನಮಗೆ ಪ್ರತಿ ಎರಡನೇ ಶೀರ್ಷಿಕೆಯಲ್ಲಿ ತಾಕುತ್ತದೆ.

‘ಮೈಸೂರು ದಸರಾ ಮೆರವಣಿಗೆಯ ಇತಿಹಾಸ’ ಎಂಬ ಶೀರ್ಷಿಕೆ ತೆಗೆದುಕೊಳ್ಳಿ. ‘ಮೆರವಣಿಗೆಯ’ ಮುಗಿಯುವಷ್ಟರಲ್ಲಿ 173 ಸ್ಥಾನ ಆಗಿರುತ್ತದೆ. ಮುಂದಿನ ಅಂತರ ಸೇರಿ 174, ‘ಇ’ ಸೇರಿ 183, ‘ತ’ ಸೇರಿ 192. ‘ತಿ’ಯ ಗುಡಿಸಿಗೆ ಜಾಗ ಇಲ್ಲ. ಸ್ಲಗ್ ‘ಮೈಸೂರು-ದಸರಾ-ಮೆರವಣಿಗೆಯ-ಇತ’ ಎಂದು ನಿಲ್ಲುತ್ತದೆ. ವಿಳಾಸ ಕೆಲಸ ಮಾಡುತ್ತದೆ, ಚೆನ್ನಾಗಿ ಕಾಣುವುದಿಲ್ಲ ಅಷ್ಟೆ. ತೊಂದರೆ ಶುರುವಾಗುವುದು ಧಾರಾವಾಹಿಗಳಲ್ಲಿ. ‘ಬಯಲುಸೀಮೆಯ ಜನಪದ ಹಾಡುಗಳು ಭಾಗ 1’, ‘ಭಾಗ 2’, ‘ಭಾಗ 3’ ಎಂದು ಹಾಕಿದರೆ ಎಲ್ಲವೂ ‘ಭ’ಕ್ಕೆ ತುಂಡಾಗಿ ಒಂದೇ ಆಗುತ್ತವೆ. ಬೇರೆ ಮಾಡಲು ವರ್ಡ್‌ಪ್ರೆಸ್ ಕೊನೆಗೆ 2, 3 ಎಂದು ತಾನೇ ಹಾಕುತ್ತದೆ, ಅದೂ ಪ್ರಕಟವಾದ ಕ್ರಮದಲ್ಲಿ. ಮೂರನೇ ಭಾಗ ಎರಡನೆಯದಕ್ಕಿಂತ ಮೊದಲು ಏರಿದರೆ ಅದರ ವಿಳಾಸ 2 ಎಂದು ಮುಗಿಯುತ್ತದೆ. ವಲಸೆಯ ಸಮಯದಲ್ಲಿ ಯಾರೋ ಇಂಥ ಅಂಕಿಗಳನ್ನು ‘ಸರಿ’ ಮಾಡಿದ್ದರು. ಅದರಿಂದ ಹೊರಗಿನ ಕೊಂಡಿಗಳು ಅದಲುಬದಲಾಗಿದ್ದವು. 404 ಕೂಡ ಬಾರದ ತಪ್ಪು ಇದು, ಸರಣಿಗಳನ್ನು ಒಂದೊಂದಾಗಿ ಕೈಯಲ್ಲೇ ನೋಡಬೇಕಾಯಿತು.

ಇದಕ್ಕಿಂತ ಆಳದಲ್ಲಿ ಇದ್ದದ್ದು ಕಣ್ಣಿಗೆ ಕಾಣದ ಅಕ್ಷರಗಳು. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ‘ಟ್’ ಮತ್ತು ‘ವೇ’ ನಡುವೆ ಒತ್ತಕ್ಷರ ಆಗದಂತೆ ತಡೆಯುವ ಸೊನ್ನೆ ಅಗಲದ ಅಕ್ಷರ ಒಂದು ಕೂತಿರುತ್ತದೆ. ‘ರ‍್ಯಾಂಕ್’ ಬರೆಯುವಾಗ ಅರ್ಕಾವತ್ತು ಬಾರದಿರಲು ಅಂಥದೇ ಇನ್ನೊಂದು ಸೊನ್ನೆ ಅಗಲದ ಅಕ್ಷರ ಬೇಕು. ಅದು ಕೀಬೋರ್ಡಿಗೆ ತಕ್ಕಂತೆ ಹಲಂತದ ಹಿಂದೆಯೂ ಬರಬಹುದು, ಮುಂದೆಯೂ ಬರಬಹುದು. ಓದುವವರಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ವರ್ಡ್‌ಪ್ರೆಸ್‌ನ ಹಳೆಯ ಆವೃತ್ತಿಗಳು ಇವನ್ನು ಸ್ಲಗ್‌ನಲ್ಲಿ ಹಾಗೇ ಉಳಿಸುತ್ತಿದ್ದವು. ಈಚಿನ ಆವೃತ್ತಿಗಳು ಸ್ಲಗ್ ಉಳಿಸುವಾಗ ಕಿತ್ತುಹಾಕುತ್ತವೆ. ಆದರೆ ಬಂದ ವಿಳಾಸವನ್ನು ಹುಡುಕುವಾಗ ಕಿತ್ತುಹಾಕುವುದಿಲ್ಲ. ಇಂಪೋರ್ಟ್ ಆದಾಗ ಪ್ರತಿ ಲೇಖನವೂ ಹೊಸದಾಗಿ ಉಳಿಯಿತು, ಅಕ್ಷರಗಳು ಹೋದವು. ಹೊರಗಿನ ಕೊಂಡಿಗಳಲ್ಲಿ ಅವು ಉಳಿದವು. ಎರಡು ವಿಳಾಸಗಳನ್ನು ಅಕ್ಕಪಕ್ಕ ಇಟ್ಟರೆ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಒಂದು ತೆರೆಯುತ್ತದೆ, ಒಂದು ತೆರೆಯುವುದಿಲ್ಲ. ಮೇಷ್ಟ್ರು ಕಳಿಸಿದ ವಿಕಿಪೀಡಿಯ ಕೊಂಡಿಯ ರೋಗವೂ ಇದೇ.

ಸ್ಲಗ್ ಬದಲಾದರೆ ವರ್ಡ್‌ಪ್ರೆಸ್ ಹಳೆಯದನ್ನು ನೆನಪಿಟ್ಟುಕೊಂಡು ತಾನೇ ಕಳಿಸುತ್ತದೆಯಲ್ಲ ಎಂದು ಕೇಳಬಹುದು. ಕಳಿಸುತ್ತದೆ. ಆದರೆ ಪ್ರಕಟವಾದ ಲೇಖನವನ್ನು ಅದೇ ತಾಣದಲ್ಲಿ ತಿದ್ದಿದಾಗ ಮಾತ್ರ. ಇಂಪೋರ್ಟ್‌ನಲ್ಲಿ ‘ಹಳೆಯದು’ ಎಂಬುದೇ ಇರುವುದಿಲ್ಲ.

ಇದಕ್ಕೆ ಪಟ್ಟಿ ಮಾಡಿ ರಿಡೈರೆಕ್ಟ್ ಹಾಕುವುದು ವ್ಯರ್ಥ, ಏಕೆಂದರೆ ಯಾವ ಕೊಂಡಿಯಲ್ಲಿ ಯಾವ ಜಾಗದಲ್ಲಿ ಅದೃಶ್ಯ ಅಕ್ಷರ ಇದೆ ಎಂದು ಮೊದಲೇ ತಿಳಿಯುವುದಿಲ್ಲ. ಒಂದು ಚಿಕ್ಕ ಪ್ಲಗಿನ್ ಬರೆದು ಒಂದೇ ನಿಯಮ ಮಾಡಿದೆವು: ಪುಟ ಸಿಗಲಿಲ್ಲ ಎಂದು ವರ್ಡ್‌ಪ್ರೆಸ್ ತೀರ್ಮಾನಿಸಿದ ಮೇಲೆ, ದೋಷಪುಟ ತೋರಿಸುವ ಮುಂಚೆ, ಬಂದ ವಿಳಾಸದಿಂದ ಸೊನ್ನೆ ಅಗಲದ ಅಕ್ಷರಗಳನ್ನು ತೆಗೆದು, ಗುಣಿತಗಳನ್ನು ಜೋಡಿಸಿದ ರೂಪಕ್ಕೆ ತಂದು, ಅದೇ ಸ್ಲಗ್‌ನ ಲೇಖನ ಇದೆಯೇ ನೋಡು, ಇದ್ದರೆ 301. ಗುಣಿತದ ಮಾತು ಯಾಕೆಂದರೆ ‘ಕೋ’ವನ್ನು ಯುನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಬಿಡಿ ಚಿಹ್ನೆಗಳನ್ನು ಸೇರಿಸಿಯೂ ಬರೆಯಬಹುದು. ಹಳೆಯ ಮ್ಯಾಕ್ ಕಂಪ್ಯೂಟರ್‌ಗಳು ಕಡತದ ಹೆಸರನ್ನು ಬಿಡಿಸಿ ಇಡುತ್ತಿದ್ದವು. ಅಲ್ಲಿಂದ ಎಫ್‌ಟಿಪಿಯಲ್ಲಿ ಏರಿಸಿದ ಕನ್ನಡ ಹೆಸರಿನ ಚಿತ್ರಗಳು ಕಾಣೆಯಾಗಲು ಅದೇ ಕಾರಣ. ಚಿತ್ರಗಳ ಹೆಸರುಗಳನ್ನು ಮಾತ್ರ ಬೇರೆ ದಾರಿ ಇಲ್ಲದೆ ಸರ್ವರ್‌ನಲ್ಲೇ ತಿದ್ದಿದೆವು.

ವರ್ಡ್‌ಪ್ರೆಸ್‌ಗೆ ಇನ್ನೊಂದು ಅಭ್ಯಾಸ ಇದೆ, ಊಹಿಸುವುದು. ಪೂರ್ತಿ ಸಿಗದಿದ್ದರೆ, ಬಂದ ಪದದಿಂದ ಶುರುವಾಗುವ ಯಾವುದಾದರೂ ಲೇಖನ ಇದ್ದರೆ ಅಲ್ಲಿಗೆ ಕಳಿಸಿಬಿಡುತ್ತದೆ. ಕೆಲವು ಆ್ಯಪ್‌ಗಳಲ್ಲಿ ಕನ್ನಡ ವಿಳಾಸ ಅರ್ಧಕ್ಕೆ ತುಂಡಾಗುವುದರಿಂದ ಇದು ಉಪಕಾರವೇ ಎಂದು ತೋರುತ್ತದೆ. ನಮ್ಮ ತಾಣದಲ್ಲಿ ‘ಕುವೆಂಪು’ ಎಂದು ಶುರುವಾಗುವ ಲೇಖನಗಳು ಹಲವು. ‘ಕುವೆಂಪು-’ ಎಂದು ತುಂಡಾದ ಕೊಂಡಿ ಒತ್ತಿದವರು ನಾಟಕದ ವಿಮರ್ಶೆ ಕೇಳಿ ಕುವೆಂಪು ಮನೆಯ ಬಗೆಗಿನ ಪ್ರವಾಸ ಲೇಖನಕ್ಕೆ ಹೋಗುತ್ತಿದ್ದರು, ತಾವು ಕೇಳಿದ್ದು ಇದೇ ಎಂದುಕೊಂಡು. ಊಹೆಯನ್ನು ಆವೃತ್ತಿ 5.5ರಿಂದ ಒಂದು ಫಿಲ್ಟರ್ ಮೂಲಕ ನಿಲ್ಲಿಸಬಹುದು, ನಿಲ್ಲಿಸಿದೆವು. ಅದೇ ಮಾಹಿತಿಯನ್ನು ದೋಷಪುಟದಲ್ಲಿ ಪಟ್ಟಿಯಾಗಿ ಕೊಟ್ಟೆವು: ‘ನೀವು ಹುಡುಕುತ್ತಿರುವುದು ಇವುಗಳಲ್ಲಿ ಒಂದಿರಬಹುದು.’ ಸಂಖ್ಯೆ 404 ಆಗಿಯೇ ಉಳಿಯುತ್ತದೆ, ಆಯ್ಕೆ ಓದುಗರದು.

ಆ ಪುಟದ ಮಾತುಗಳಿಗೆ ಬರೋಣ. ಅದುವರೆಗೆ ಇದ್ದದ್ದು ಥೀಮ್ (ತಾಣದ ಸಿದ್ಧ ವಿನ್ಯಾಸ) ಜೊತೆಗೆ ಬಂದ ಇಂಗ್ಲಿಷ್ ಸಾಲು, ಒಂದು ಚೇಷ್ಟೆಯ ಚಿತ್ರ. ಇಡೀ ತಾಣ ಕನ್ನಡ, ಎಡವಿದಾಗ ಮಾತ್ರ ಇಂಗ್ಲಿಷ್. ಇದು ನಮ್ಮ ತಾಣಗಳಲ್ಲಿ ಎಷ್ಟು ಸಾಮಾನ್ಯವೆಂದರೆ ಯಾರಿಗೂ ವಿಚಿತ್ರವೆನಿಸುವುದಿಲ್ಲ. ಹೊಸ ಸಾಲುಗಳನ್ನು ಮೇಷ್ಟ್ರೇ ಬರೆದರು: “ಈ ವಿಳಾಸದಲ್ಲಿ ಲೇಖನ ಸಿಗಲಿಲ್ಲ. ತಾಣ ಎರಡು ಬಾರಿ ಸ್ಥಳ ಬದಲಿಸಿದ್ದರಿಂದ ಕೆಲವು ಹಳೆಯ ಕೊಂಡಿಗಳು ತಪ್ಪಿವೆ. ಲೇಖನ ನಮ್ಮಲ್ಲಿ ಇರುವ ಸಾಧ್ಯತೆ ಹೆಚ್ಚು.” ಕೆಳಗೆ ಹುಡುಕುವ ಪೆಟ್ಟಿಗೆ, ಮೇಲೆ ಹೇಳಿದ ಪಟ್ಟಿ, ಸಂಚಿಕೆವಾರು ಪರಿವಿಡಿಯ ಕೊಂಡಿ, ಸಂಪಾದಕರ ಮಿಂಚಂಚೆ. ಮಿಂಚಂಚೆಯ ಕೊಂಡಿ ಒತ್ತಿದರೆ ತಪ್ಪಿದ ವಿಳಾಸ ತಾನೇ ಪತ್ರದಲ್ಲಿ ಬರುತ್ತದೆ. ಓದುಗರು ಏನನ್ನೂ ನಕಲು ಮಾಡಬೇಕಿಲ್ಲ. ಪರಿವಿಡಿಯ ಕೊಂಡಿ ನನ್ನ ಒತ್ತಾಯ. ಮಾಸಿಕದ ಓದುಗರಿಗೆ ಲೇಖನದ ಹೆಸರಿಗಿಂತ ‘ಆ ದೀಪಾವಳಿ ವಿಶೇಷಾಂಕದಲ್ಲಿ ಬಂದಿತ್ತು’ ಎಂಬುದು ಚೆನ್ನಾಗಿ ನೆನಪಿರುತ್ತದೆ.

ಪುಟ ಹಗುರವಾಗಿಯೂ ಇರಬೇಕು. ಬಾಗಿಲು ತಟ್ಟುವ ಬಾಟ್‌ಗಳಿಗೆಲ್ಲ ಸ್ಲೈಡರ್, ಜನಪ್ರಿಯ ಲೇಖನಗಳ ವಿಜೆಟ್ ತೋರಿಸುವುದು ಕಡಿಮೆ ಬೆಲೆಯ ಹೋಸ್ಟಿಂಗ್‌ಗೆ ಭಾರ. 404 ಪುಟವನ್ನು ವರ್ಡ್‌ಪ್ರೆಸ್ ತಾನಾಗಿ ಕ್ಯಾಶ್ ಮಾಡಿಸುವುದಿಲ್ಲ, ಪ್ರತಿ ಸಲ ಹೊಸದಾಗಿ ಕಟ್ಟುತ್ತದೆ. ಸಿಗದ ಚಿತ್ರಗಳಿಗೆ ವರ್ಡ್‌ಪ್ರೆಸ್ ಏಳುವುದೇ ಬೇಡ, ಸರ್ವರ್ ಸಾದಾ 404 ಕೊಟ್ಟರೆ ಸಾಕು.

404 ಅಲ್ಲದ ದೋಷಗಳಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಡೇಟಾಬೇಸ್ ಬಿದ್ದಾಗ ಥೀಮ್ ಕೆಲಸ ಮಾಡುವುದಿಲ್ಲ. ಅದಕ್ಕೆಂದು ಡಿಬಿ-ಎರರ್ ಎಂಬ ಪಿಎಚ್‌ಪಿ ಕಡತ, ಅಪ್‌ಡೇಟ್ ಸಮಯಕ್ಕೆ ಮೇಂಟೆನೆನ್ಸ್ ಎಂಬ ಕಡತ ಕಂಟೆಂಟ್ ಫೋಲ್ಡರ್‌ನಲ್ಲಿಟ್ಟರೆ ಅವುಗಳಲ್ಲಿನ ಕನ್ನಡ ಸಾಲುಗಳು ಕಾಣುತ್ತವೆ. ಕಡತ ನಮ್ಮದಾದರೆ 500 (ಸರ್ವರ್ ದೋಷ) ಅಥವಾ 503 (ಸೇವೆ ಸದ್ಯಕ್ಕಿಲ್ಲ) ಎಂಬ ಸಂಖ್ಯೆಯನ್ನೂ ನಾವೇ ಕಳಿಸಬೇಕು, ಮರೆತರೆ 200 ಹೋಗುತ್ತದೆ.

ಒಂದಷ್ಟು ಕವಿತೆಗಳನ್ನು ಕವಿಯ ಮನೆಯವರ ಕೋರಿಕೆಯಂತೆ ತೆಗೆದುಹಾಕಲಾಗಿತ್ತು. ಅವಕ್ಕೆ 410 ಕೊಟ್ಟು, ಲೇಖನ ಹಿಂತೆಗೆದುಕೊಳ್ಳಲಾಗಿದೆ ಎಂದು ಸ್ಪಷ್ಟವಾಗಿ ಬರೆದೆವು. ಬೇರೆ ಕವಿತೆಗೆ ರಿಡೈರೆಕ್ಟ್ ಮಾಡೋಣ ಎಂಬ ಸಲಹೆ ಬಂದಿತ್ತು, ನಾನು ಒಪ್ಪಲಿಲ್ಲ. ಕೇಳಿದ್ದು ಇಲ್ಲ ಎಂದರೆ ಇಲ್ಲ ಎಂದೇ ಹೇಳಬೇಕು.

ಮುಂದಿನ ಲೇಖನಗಳ ವಿಳಾಸ ಯಾವ ಲಿಪಿಯಲ್ಲಿರಬೇಕು ಎಂಬುದರ ಮೇಲೆ ಮಾತ್ರ ದೊಡ್ಡ ಚರ್ಚೆ ಆಯಿತು. ತಾಂತ್ರಿಕ ಸಲಹೆ ಕೊಡುವವರು ಸಾಮಾನ್ಯವಾಗಿ ರೋಮನ್ ಅಕ್ಷರ ಎನ್ನುತ್ತಾರೆ: ಚಿಕ್ಕದು, ತುಂಡಾಗುವುದಿಲ್ಲ, ಅದೃಶ್ಯ ಅಕ್ಷರ ಇಲ್ಲ. ಆ ವಾದದಲ್ಲಿ ತೂಕ ಇದೆ. ಮೇಷ್ಟ್ರು ಕೇಳಿದ್ದು: “ಕನ್ನಡ ಪತ್ರಿಕೆಯ ವಿಳಾಸ ಕನ್ನಡದಲ್ಲಿ ಇರಬಾರದು ಅಂದ್ರೆ ಹೇಗಯ್ಯಾ?” ಅವರ ಪರವೇ ನಾನೂ ನಿಂತೆ. ಶೀರ್ಷಿಕೆಯಿಂದ ತಾನಾಗಿ ಹುಟ್ಟುವ ಸ್ಲಗ್ ಬಿಟ್ಟುಬಿಡುವುದು, ಪ್ರಕಟಿಸುವ ಮುಂಚೆ ಕೈಯಿಂದ ಎರಡು ಮೂರು ಪದಗಳಲ್ಲಿ ಬರೆಯುವುದು ಎಂದು ತೀರ್ಮಾನವಾಯಿತು. ‘ದಸರಾ-ಮೆರವಣಿಗೆ’ ಎಂದರೆ 109 ಸ್ಥಾನ, ನೆಮ್ಮದಿಯಾಗಿ ಹಿಡಿಸುತ್ತದೆ. ಸರಣಿಯಾದರೆ ಅಂಕಿ ಮೊದಲು. 200 ದಾಟಲಿದ್ದರೆ ಎಡಿಟರ್‌ನಲ್ಲಿ ಎಚ್ಚರಿಸುವ ಒಂದು ಸಾಲನ್ನು ಆ ಚಿಕ್ಕ ಪ್ಲಗಿನ್‌ಗೇ ಸೇರಿಸಿದೆವು.

ರಿಡೈರೆಕ್ಟ್‌ಗಳನ್ನು ಕನಿಷ್ಠ ಒಂದು ವರ್ಷ ಇಡಿ ಎನ್ನುತ್ತದೆ ಗೂಗಲ್. ಹುಡುಕಾಟದ ಮಟ್ಟಿಗೆ ಅದು ಸಾಕಿರಬಹುದು. ಈ ಮಾಸಿಕದ ಲೇಖನಗಳು ಪಿಎಚ್‌ಡಿ ಪ್ರಬಂಧಗಳ ಅಡಿಟಿಪ್ಪಣಿಗಳಲ್ಲಿ, ಅಚ್ಚಾದ ಪುಸ್ತಕಗಳಲ್ಲಿ ಇವೆ. ಅಚ್ಚಿನಲ್ಲಿರುವ ವಿಳಾಸವನ್ನು ಯಾರೂ ತಿದ್ದಲಾರರು. ಆದ್ದರಿಂದ ಈ ಪಟ್ಟಿಗೆ ಕೊನೆಯ ದಿನಾಂಕ ಇಟ್ಟಿಲ್ಲ. ಹಳೆಯ ಬ್ಲಾಗರ್ ಖಾತೆಯನ್ನೂ ಅಳಿಸಬೇಡಿ ಎಂದು ಹೇಳಿದ್ದೇನೆ, ಏಕೆಂದರೆ ಬ್ಲಾಗ್‌ಸ್ಪಾಟ್ ವಿಳಾಸ ಹಿಡಿದು ಬರುವವರನ್ನು ಸ್ವಂತ ಡೊಮೇನ್‌ಗೆ ದಾಟಿಸುತ್ತಿರುವುದು ಅದೇ. ಪೂರ್ತಿ ಪಟ್ಟಿಯ ಸಿಎಸ್‌ವಿ ಪ್ರತಿ ಈಗ ಡೊಮೇನ್‌ನ ಪಾಸ್‌ವರ್ಡ್ ಇರುವ ಲಕೋಟೆಯಲ್ಲೇ ಒಂದು ಪೆನ್‌ಡ್ರೈವ್‌ನಲ್ಲಿ ಮೇಷ್ಟ್ರ ಬಳಿ ಇದೆ. ಮುಂದಿನ ಸಲ ಹೋಸ್ಟಿಂಗ್ ಬದಲಿಸುವವರು ಲೇಖನಗಳಿಗಿಂತ ಮೊದಲು ಅದನ್ನು ಏರಿಸಬೇಕು ಎಂದು ಮೇಲೆ ಬರೆದಿದ್ದಾರೆ.